ಹೆಗಲ ಮೇಲಿನ ಕೈ

"ಹೆಗಲ ಮೇಲಿನ ಆ ಕೈ ಯಾರದು?" ಸೆನೆಟರ್ ರಾಯ್ಸ್ ಟಿಲ್ಲರಿ ಸಿಡುಕಿದ.

ಸಮಿತಿ ಕೊಠಡಿಯ ಗೋಡೆಗೆ ಆಳೆತ್ತರದ ಚಿತ್ರವೊಂದನ್ನು ಒರಗಿಸಿದ್ದರು. ಇಪ್ಪತ್ತೆಂಟು ವರ್ಷದ ಹಿಂದೆ ಕೊಲೆಯಾದ ಲಾನಿ ಸ್ಟ್ರೌಡ್ ದೋಣಿಯಲ್ಲಿ ನಿಂತು, ಹಿಡಿದ ಮೀನನ್ನು ಎತ್ತಿ ತೋರಿಸುತ್ತ ನಗುತ್ತಿದ್ದ. ಅವನ ಹೆಗಲ ಮೇಲೆ ಒಂದು ಕೈ ಇತ್ತು. ಕೈಯ ಒಡೆಯ ಇರಲಿಲ್ಲ.

"ಪಕ್ಕದಲ್ಲಿ ಇನ್ನೊಬ್ಬ ಇದ್ದ ಸಾರ್, ಕತ್ತರಿಸಿದ್ವಿ. ಕೈ ಮಾತ್ರ ಉಳ್ಕೊಂಡುಬಿಡ್ತು," ಎಂದಳು ಕಾರ್ಯದರ್ಶಿ.

"ಇರಲಿ ಬಿಡಿ. ಜನ ದೇವರ ಕೈ ಅಂದ್ಕೊಳ್ತಾರೆ."

ಟಿಲ್ಲರಿಗೆ ದೇವರು ಹೀಗೆ ಆಗಾಗ ಒದಗಿಬರುತ್ತಿದ್ದ, ಚುನಾವಣೆ ಹತ್ತಿರವಾದಾಗಲಂತೂ ತಪ್ಪದೆ. ಅವನ ಮಸೂದೆ ಇಂದು ಸಮಿತಿಯ ಮುಂದೆ ಬರುವುದಿತ್ತು. ಜೀವಾವಧಿ ಕೈದಿಯನ್ನು ಮನೆಗೆ ಬಿಡಬಹುದೇ ಎಂದು ಪೆರೋಲ್ ಮಂಡಳಿ ಎರಡು ವರ್ಷಕ್ಕೊಮ್ಮೆ ವಿಚಾರಣೆ ನಡೆಸುತ್ತದಲ್ಲ, ಅದಿನ್ನು ಹತ್ತು ವರ್ಷಕ್ಕೊಮ್ಮೆ. ಇದಕ್ಕವನು 'ಸುಧಾರಣೆ' ಎಂದು ಹೆಸರಿಟ್ಟಿದ್ದ. ಸಮಿತಿಯಲ್ಲಿ ನಾಲ್ವರು ಪರ, ನಾಲ್ವರು ವಿರೋಧ, ಒಬ್ಬ ಮೀನಮೇಷ ಎಣಿಸುತ್ತಿದ್ದ. ಒಬ್ಬ ತಾಯಿ ನಾಲ್ಕು ಹನಿ ಕಣ್ಣೀರು ಹಾಕಿದರೆ ಕೆಲಸ ಆದಂತೆ.

ಟಿಲ್ಲರಿಯದೊಂದು ವ್ರತವಿತ್ತು. ಕೊಲೆಗಾರನ ಹೆಸರನ್ನು ಅವನು ಬಾಯಲ್ಲಿ ಆಡುತ್ತಿರಲಿಲ್ಲ. ಆಡಿದರೆ ಅವನಿಗೆ ಕೀರ್ತಿ ಕೊಟ್ಟಂತೆ. ತನ್ನ ಮೇಜಿಗೆ ಬರುವ ಕಾಗದದಲ್ಲೂ ಅದು ಕಾಣಕೂಡದು. ಕಚೇರಿಯವರು ಯಜಮಾನನನ್ನು ಮೆಚ್ಚಿಸಲು ಹೆಸರಿನ ಜೊತೆ ಅರ್ಧ ಪುಟಕ್ಕೇ ಮಸಿ ಬಳಿದು ಕೊಡುತ್ತಿದ್ದರು. ಓದುವುದು ಅಷ್ಟು ಕಡಿಮೆಯಾಯಿತೆಂದು ಟಿಲ್ಲರಿಗೂ ಖುಷಿ.

ಲಾನಿಯ ತಾಯಿ ವೆರ್ನಾ ಸ್ಟ್ರೌಡ್ ಬಂದರು. ಎಪ್ಪತ್ತೊಂಬತ್ತು ವರ್ಷ, ಹಳೆಯ ಹಸಿರು ಕೋಟು, ಎದೆಗೊತ್ತಿಕೊಂಡ ಕೈಚೀಲ.

"ಒಂಬತ್ತು ವಿಚಾರಣೇಲಿ ಒಂದನ್ನೂ ತಪ್ಪಿಸಿಲ್ವಂತೆ ನೀವು," ಟಿಲ್ಲರಿ ಬೆಣ್ಣೆಯಂಥ ದನಿಯಲ್ಲಿ ಹೇಳಿದ. "ಪ್ರತಿ ಸಲ ಆ ಮೃಗದ ಮುಖ ನೋಡ್ಬೇಕಲ್ಲಮ್ಮಾ, ಎಂಥಾ ಸಂಕಟ."

"ಸಂಕಟಾನೇ. ಬಸ್ಸಲ್ಲಿ ಆರು ಗಂಟೆ ದಾರಿ. ಮೂರು ವಾರ ಮುಂಚೆ ಜೈಲಿಂದ ಕಾಗದ ಬರುತ್ತೆ. ಎರಡು ಕಾಗದ."

"ಒಂದೇ ಮನೆಗೆ ಎರಡಾ?"

"ಒಂದೇ ಮನೆಗೆ, ಒಂದೇ ದಿನ."

ಟಿಲ್ಲರಿ ಹೊಟ್ಟೆ ಕುಣಿಸಿ ನಕ್ಕ. "ಸರ್ಕಾರ ಅಂದ್ರೆ ಇದೇ ನೋಡಿ. ಅಂಚೆಗೂ ದಂಡ, ಕಾಗದಕ್ಕೂ ದಂಡ." ಭಾಷಣಕ್ಕೆ ಬೇಕಾದೀತೆಂದು ಅದನ್ನು ಗುರುತು ಹಾಕಿಕೊಂಡ.

ವೆರ್ನಾ ನಗಲಿಲ್ಲ. "ನನಗೆ ಎಷ್ಟು ಹೊತ್ತು ಮಾತಾಡೋಕೆ ಬಿಡ್ತಾರೆ?"

"ಎಷ್ಟು ಹೊತ್ತಾದ್ರೂ. ಮಗನ್ನ ಕಳ್ಕೊಂಡ ತಾಯೀನ ತಡೆಯೋ ಧೈರ್ಯ ಇಲ್ಲಿ ಯಾರಿಗಿದೆ?"

"ಕೈದಿಯ ತಾಯಿ ಬಂದ್ರೆ?"

"ಅವಳಿಗೆ ಎರಡು ನಿಮಿಷ. ಅದೂ ಕೊನೇಲಿ, ಎಲ್ಲರೂ ಊಟಕ್ಕೆ ಎದ್ದ ಮೇಲೆ."

"ಹಾಗಂತ ಕೇಳಿದ್ದೆ," ಎಂದು ವೆರ್ನಾ ಕೈಚೀಲದ ಗುಂಡಿಯನ್ನು ಮತ್ತೊಮ್ಮೆ ಒತ್ತಿ ನೋಡಿದರು.

ಸಭೆ ಶುರುವಾಯಿತು. ಟಿಲ್ಲರಿ ಚಿತ್ರದ ಪಕ್ಕ ನಿಂತು ಗದ್ಗದಿತನಾದ. ಅದು ಅವನಿಗೆ ಬೇಕೆಂದಾಗ ಬರುತ್ತಿತ್ತು. "ಈ ತಾಯಿ ಎರಡು ವರ್ಷಕ್ಕೊಮ್ಮೆ ಹಳೆ ಗಾಯ ಕೆರೆದುಕೊಳ್ಳಬೇಕೇ? ಇನ್ನು ಹತ್ತು ವರ್ಷ ಈಕೆ ಆ ಹೆಸರಿಲ್ಲದವನ ಮುಖ ನೋಡಬೇಕಾಗಿಲ್ಲ. ಅದು ನಾನು ಕೊಡುವ ಭಾಷೆ." ಚಪ್ಪಾಳೆ ಬಿತ್ತು. ಮೀನಮೇಷ ಎಣಿಸುತ್ತಿದ್ದವನೂ ಎರಡು ಸಲ ಕೈ ತಟ್ಟಿದ. ಟಿಲ್ಲರಿ ತಾನೇ ಮೈಕನ್ನು ವೆರ್ನಾರ ಎತ್ತರಕ್ಕೆ ಬಗ್ಗಿಸಿ, ತನ್ನ ಕರವಸ್ತ್ರವನ್ನೂ ಮುಂದೆ ಚಾಚಿದ.

ವೆರ್ನಾ ಕರವಸ್ತ್ರ ತೆಗೆದುಕೊಳ್ಳಲಿಲ್ಲ. ಕೈಚೀಲ ತೆರೆದು, ಅಂಚು ಸವೆದ ಫೋಟೊ ಒಂದನ್ನು ಹೊರತೆಗೆದು, ಸಮಿತಿಯವರಿಗೆ ಕಾಣುವಂತೆ ಎತ್ತಿ ಹಿಡಿದರು. ಅದೇ ದೋಣಿ, ಅದೇ ಮೀನು, ಅದೇ ಲಾನಿ. ಹೆಗಲ ಮೇಲಿನ ಕೈಗೆ ಇದರಲ್ಲಿ ತೋಳಿತ್ತು, ತೋಳಿಗೆ ಒಬ್ಬ ಹುಡುಗನಿದ್ದ, ಹುಡುಗನಿಗೆ ಲಾನಿಯದೇ ಮೂಗಿತ್ತು.

"ನೀವು ಕತ್ತರಿಸಿದ್ದು ನನ್ನ ಚಿಕ್ಕ ಮಗನ್ನ. ಕುಡಿದ ಜಗಳದಲ್ಲಿ ಅಣ್ಣನ್ನ ಕೊಂದು ಇಪ್ಪತ್ತೆಂಟು ವರ್ಷದಿಂದ ಒಳಗಿದಾನೆ, ಅವನ ಹೆಸರು ವೇಡ್. ಎರಡನೇ ಕಾಗದ ಬರೋದು ಅವನ ತಾಯಿಗೆ, ಅವಳಿಗೆ ಇನ್ನು ಹತ್ತು ವರ್ಷ ಆಯಸ್ಸಿಲ್ಲ."