ಇಲಿಯ ಅಡುಗೆ

‘ಇಲಿ ತನ್ನ ಅಡುಗೆ ತಾನೇ ಮಾಡಿಕೊಳ್ಳುತ್ತದೆ’ ಎಂಬ ಸಾಲು ಸ್ಮಾರ್ಟ್ ಬೋರ್ಡಿನ ಮೇಲೆ ಮೂಡುತ್ತಲೇ ಗಂಗಾವತಿಯ ಕಾಲೇಜೊಂದರ ತರಬೇತಿ ಕೋಣೆಯಲ್ಲಿದ್ದ ಉಪನ್ಯಾಸಕರೆಲ್ಲ ಗೊಳ್ಳೆಂದು ನಕ್ಕರು. ಮೈಕ್ ಹಿಡಿದು ನಿಂತಿದ್ದ ಸಸ್ಯಶಾಸ್ತ್ರದ ಹುಲಿಗವ್ವ ಮೇಡಂ ಮಾತ್ರ ನಗಲಿಲ್ಲ. ಅವರು ಹೇಳಿದ್ದು ಎಲಿ. ಮಾತು ಕೇಳಿ ತಾನೇ ಬರೆದುಕೊಳ್ಳುವ ಬೋರ್ಡು ಬರೆದದ್ದು ಇಲಿ.

"ಎಲೆ ಅನ್ನಿ ಮೇಡಂ," ಎಂದ ಬೆಂಗಳೂರಿನಿಂದ ಬಂದಿದ್ದ ತರಬೇತುದಾರ ನಿಶ್ಚಲ್. "ಸ್ವಲ್ಪ ಶುದ್ಧವಾಗಿ ಮಾತಾಡಿ. ಇಲ್ಲದಿದ್ರೆ ನಿಮ್ಮ ಹೆಸರಿನ ಮುಂದೆ ಫೇಲ್ ಅಂತ ಹಾಕ್ಬೇಕಾಗುತ್ತೆ."

"ಅನ್ರಿ ಮೇಡಂ, ಒಂದು ಅಕ್ಷರದಾಗ ಏನೈತಿ?" ಎಂದರು ಪ್ರಾಂಶುಪಾಲರು. "ಎಲ್ಲಾರಿಗೂ ಊಟದ ಹೊತ್ತಾತು."

ಹುಲಿಗವ್ವ ಮೈಕನ್ನು ಮೇಜಿನ ಮೇಲಿಟ್ಟರು. ಅಂದು ಬೆಳಿಗ್ಗೆಯಷ್ಟೇ ಬಳಸಲು ಕಲಿತಿದ್ದ ಬೋರ್ಡಿನ ಪೆನ್ನು ಎತ್ತಿಕೊಂಡು, ಬಣ್ಣಗಳ ಸಾಲಿನಲ್ಲಿ ಕೆಂಪನ್ನು ಒತ್ತಿದರು. ಇಪ್ಪತ್ತಾರು ವರ್ಷ ಉತ್ತರಪತ್ರಿಕೆ ತಿದ್ದಿದ ಕೈ ‘ಇಲಿ’ಯನ್ನು ಹೊಡೆದುಹಾಕಿ, ಮೇಲೆ ‘ಎಲಿ’ ಎಂದು ಬರೆದು, ಅಂಚಿನಲ್ಲಿ ದೊಡ್ಡದೊಂದು ಸೊನ್ನೆ ಹಾಕಿತು.

"ಸಿದ್ದಾಪುರದಾಗ ಭತ್ತ ನಾಟಿ ಹಚ್ಚಿ ಕ್ಲಾಸಿಗೆ ಬರೋ ನನ್ನ ಹುಡುಗ್ಯಾರಿಗೆ ಎಲಿ ಅಂದ್ರ ಎಲಿನಽ ಕೇಳಸ್ತೈತಿ," ಎಂದರು, ಪೆನ್ನನ್ನು ನಿಶ್ಚಲನ ಕೈಗೆ ಕೊಡುತ್ತ. "ಅವರು ಪಾಸಾಗ್ಯಾರ. ಫೇಲಾಗಿದ್ದು ಇದು. ಚೆಂದಂಗ ಕಲಿಸಿ ಕರ್ಕೊಂಡು ಬರ್ರಿ, ಮತ್ತೊಂದು ಸಲ ಪರೀಕ್ಷಾ ತಗೋತೀನಿ."