ಅವ್ವನ ಟ್ರಂಕು

ನುಸಿಗುಳಿಗೆಯ ವಾಸನೆ ಬಂದರೆ ಇಂದಿಗೂ ನನಗೆ ಸವಣೂರಿನ ಆ ಮಧ್ಯಾಹ್ನ ನೆನಪಾಗುತ್ತದೆ. ಅವ್ವ ಹಾನಗಲ್ಲಿನ ತವರಿಗೆ ಹೋಗಿದ್ದಾಳೆಂದು ಮನೆಯವರೆಲ್ಲ ನನಗೆ ಹೇಳುತ್ತಿದ್ದ ದಿನಗಳವು. ಎಂಜಿನ್ ರಿಪೇರಿ ಮಾಡುತ್ತಿದ್ದ ಅಪ್ಪ, ಅವಳ ತಗಡಿನ ಟ್ರಂಕನ್ನು ಅಂಗಳಕ್ಕೆ ತಂದಿದ್ದ. ಸೀರೆಗಳನ್ನು ಅಜ್ಜಿ ಗಂಟು ಕಟ್ಟಿ ಒಯ್ದಿದ್ದಳು. ಅಪ್ಪ ಮುಚ್ಚಳ ಕತ್ತರಿಸಿ ಗಾಜು ಕೂಡಿಸಿದ. ಮುಂಭಾಗದಲ್ಲಿ ಕೈ ಹೋಗುವಷ್ಟು ಅಗಲದ ಎರಡು ತೂತು ಕೊರೆದ.

“ಇದ್ಯಾಕಪ್ಪಾ?” ಎಂದೆ.

“ತುಕ್ಕು ಹಿಡಿದ ಸಾಮಾನ ಒಳಗಿಟ್ಟು, ಪಂಪಿನ ಗಾಳಿಲೆ ಉಸುಕು ಹೊಡೀಬೇಕವ್ವಾ. ತುಕ್ಕು ಹೋಗತೈತಿ. ಪೆಟ್ಟಿಗಿ ಇದ್ರ ಧೂಳ ಹೊರಗ ಬರಂಗಿಲ್ಲ.”

“ಅವ್ವ ಬಂದ ಮ್ಯಾಲ ಸೀರಿ ಎಲ್ಲೆ ಇಡ್ತಾಳ?”

ಅಪ್ಪ ತಲೆ ತಗ್ಗಿಸಿ, ತೂತಿನ ಹರಿತ ಅಂಚನ್ನು ಅರದಿಂದ ಉಜ್ಜುತ್ತಲೇ ಕುಳಿತ. ಅಂಚು ನುಣುಪಾದ ಮೇಲೂ ಉಜ್ಜುತ್ತಿದ್ದ.

ಆಮೇಲೆ ಅವ್ವ ಯಾವಾಗ ಬರುತ್ತಾಳೆಂದು ನಾನು ಯಾರನ್ನೂ ಕೇಳಲಿಲ್ಲ.