ಆನೆ ಬಂತು ಎನ್ನುವ ಆ್ಯಪ್

"ಕೊಡಾಕಿಲ್ಲ ಅಂದ್ರೆ ಕೊಡಾಕಿಲ್ಲ ಮೇಡಮ್ಮೋರೆ!" ಗಂಗಾಮಣಿ ಫೋನನ್ನು ಸೆರಗಿನೊಳಗೆ ಅವುಚಿಕೊಂಡಳು. "ನಮ್ಮೆಜಮಾನ್ರು ಕೆಳಗಿನ ತೋಟದಲ್ಲವ್ರೆ. ಅವ್ರ ಫೋನಿಂದ ಬೆಳಿಗ್ಗೇನೇ ಆ್ಯಪ್ ಕಿತ್ತಾಕಿದ್ದೀರ. ಇದ್ರಲ್ಲಿ ಆನೆ ಬಂತು ಅಂತ ಬಂದ್ರೆ ತಾನೆ ನಾನು ಅವ್ರಿಗೆ ಫೋನ್ ಮಾಡೋದು?"

ಸೈಬರ್ ಪೊಲೀಸ್ ಇನ್‌ಸ್ಪೆಕ್ಟರ್ ಸುಚಿತ್ರಾ ಬೆಳಗಿನಿಂದ ಯಸಳೂರಿನ ಸುತ್ತ ಮನೆ ಮನೆ ಹತ್ತಿಳಿದು ಆನೆ ಎಚ್ಚರಿಕೆಯ ಆ್ಯಪ್ ಅಳಿಸಿಹಾಕಿದ್ದರು. ಉಳಿದಿದ್ದು ಇದೊಂದೇ ಫೋನ್.

"ಅದರೊಳಗೆ ಬೇಹುಗಾರಿಕೆ ವೈರಸ್ ಇದೆಯಮ್ಮ. ಫೋನಾಗ್ಲಿ, ಕಂಪ್ಯೂಟರಾಗ್ಲಿ, ಯಾವುದಕ್ಕೆ ಹೊಕ್ಕರೂ ಅದಕ್ಕೆ ತಕ್ಕ ವೇಷ ಹಾಕುತ್ತೆ. ನೀವು ಮಾತಾಡೋದನ್ನೆಲ್ಲ ಯಾರೋ ಕೇಳಿಸ್ಕೊಳ್ತಿದ್ದಾರೆ. ಪಕ್ಕದ ತೋಟದ ಯೋಗಾನಂದ ರಡಾರ್ ಎಂಜಿನಿಯರ್ ಅಲ್ವಾ? ರಜೆಗೆ ಬಂದು ಇದನ್ನ ಫೋನಿಗೆ ಹಾಕ್ಕೊಂಡ್ರು. ವೈರಸ್ ಅಲ್ಲಿಂದ ಕಂಪ್ಯೂಟರಿಗೂ ದಾಟಿತು. ಅವರ ಲ್ಯಾಪ್‌ಟಾಪಲ್ಲಿದ್ದ ಗುಟ್ಟೆಲ್ಲ ಕಳ್ಳರ ಪಾಲಾಯ್ತು."

"ಹಾಕ್ಕೊಳ್ದೆ ಇನ್ನೇನ್ಮಾಡ್ತಾರೆ? ನಮ್ ಸೀಮೇಲಿ ಬಸ್ಸಿಳಿದೋರು ಹೆತ್ತೋರ್ನ ಬುಟ್ಟು ಮೊದ್ಲು ಆನೇನೆ ವಿಚಾರ್ಸೋದು! ಮುಂಚೆ ಆನೆ ಬಂದೋದ್ಮೇಲೆ ಹೇಳೋರು. ಈಗೀಗ ಬೇಲಿ ಮುಟ್ಟಕ್ಕೆ ಮುಂಚೇನೇ ಹೇಳ್ಬುಡ್ತಾರೆ."

"ಈ ಆ್ಯಪ್ ನಡೆಸೋ ಆನೆ ಕಾವಲು ತಂಡದವರೇ ಇನ್ಮೇಲೆ ಫೋನ್ ಮಾಡಿ ಹೇಳ್ತಾರೆ. ಅದಕ್ಕೆ ನಾನು ಜವಾಬ್ದಾರಿ."

ಪೊಲೀಸರು ಜವಾಬ್ದಾರಿ ಎಂದ ಮೇಲೆ ಇನ್ನೇನು ಹೇಳುವುದು? ಗಂಗಾಮಣಿ ಫೋನ್ ಕೊಟ್ಟಳು. ಒಂದು ಚಣದಲ್ಲಿ ಆ್ಯಪ್ ಇಲ್ಲವಾಯಿತು.

ಸುಚಿತ್ರಾ ಇನ್ನೂ ಅಂಗಳ ದಾಟಿರಲಿಲ್ಲ. ಕೆಳಗಿನ ತೋಟದಲ್ಲಿ, ಆನೆಗಳಿಗೆ ಬಲು ಇಷ್ಟವಾದ ಬೈನೆ ಮರ ಲಟಲಟನೆ ಮುರಿಯಿತು.

ಗಂಗಾಮಣಿ ಗಂಡನಿಗೆ ಫೋನ್ ಮಾಡಿದಳು. ಕಾಫಿ ಗಿಡಗಳ ನಡುವೆ ರಿಂಗಾಗುವುದು ಇಲ್ಲಿಗೇ ಕೇಳಿಸಿತು. "ಎತ್ಕೊಳ್ರೀ... ನಿಮ್ ದಮ್ಮಯ್ಯ, ಎತ್ಕೊಳ್ರೀ..."

ರಿಂಗು ತಟ್ಟನೆ ನಿಂತಿತು.

ಸುಚಿತ್ರಾ ಕಾವಲು ತಂಡದ ರಂಗಸ್ವಾಮಿಗೆ ಫೋನ್ ಹಚ್ಚಿ ಕಿರುಚಿದರು: "ಆನೆ ತೋಟದೊಳಗೇ ಇದೆ! ಯಾಕ್ರೀ ಯಾರಿಗೂ ಹೇಳ್ಲಿಲ್ಲ?"

"ನಾವಾ?" ಆ ಕಡೆಯ ದನಿ ತಬ್ಬಿಬ್ಬಾಯಿತು. "ನಮ್ ತಂಡ ಮುಚ್ಚೋಗಿ ವರ್ಷ ಆಗ್ತಾ ಬಂತಲ್ಲ ಮೇಡಂ. ಈ ಆ್ಯಪ್ ನಮ್ದಲ್ಲ. ಯಾರೋ ಪುಣ್ಯಾತ್ಮರು ನಡೆಸ್ತಾವ್ರೆ ಅಂತ ನಾನೂ ಅದನ್ನೇ ನೋಡ್ಕೊಂಡು ಮನೆ ಸೇರ್ಕೊತಿದ್ದೆ."

ಆ್ಯಪನ್ನು ಯಾರೂ ಕಿತ್ತು ಹಾಕದಿರಲೆಂದು, ಊರಿನ ಫೋನುಗಳಿಗೆಲ್ಲ ಕಿವಿಗೊಟ್ಟು, ಕೊಂಬೆ ಮುರಿದ ಸದ್ದು ಹಿಡಿದು, ಇಷ್ಟು ದಿನ ಊರನ್ನು ಕಾದವರು ಗುಟ್ಟು ಕದ್ದ ಆ ಕಳ್ಳರೇ.